ಕಿಡಿಗೆ ಮುಂಚಿನ ಕೂಗು

ವೆಲ್ಡಿಂಗ್ ಮೇಸ್ತ್ರಿ ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲೇ ಮುರಿದ ಗೇಟು, ಕಾಲು ಕಳಚಿದ ಕುರ್ಚಿ, ಹಿಡಿ ಕಿತ್ತ ಬಾಣಲೆಗಳೆಲ್ಲ ಅಂಗಡಿ ಬಾಗಿಲಲ್ಲಿ ಕಾದು ಕೂತಿರುತ್ತವೆ. ಯಾವುದನ್ನು ಕೈಗೆತ್ತಿಕೊಂಡರೂ ಮೊದಲು, "ಇದನ್ನ ಯಾವ ಪುಣ್ಯಾತ್ಮ ಬೆಸೆದಿದ್ದು?" ಎಂದು ರೇಗುತ್ತಾನೆ; "ನೀವೇ ಕಣ್ರೀ, ಹೋದ ವರ್ಷ" ಎಂದು ಗಿರಾಕಿ ಹೇಳಿದರೆ, "ಮತ್ತೆ? ಇಷ್ಟು ದಿನ ಬಾಳಿಕೆ ಬಂತಲ್ಲ!" ಎಂದು ಮೀಸೆ ತಿರುವುತ್ತಾನೆ. ಎಷ್ಟೇ ಅವಸರವಿರಲಿ, ಕಿಡಿ ಹಾರಿಸುವ ಮುನ್ನ "ಕಣ್ಣು!" ಎಂದು ಕೂಗದೆ ಬಿಡುವವನಲ್ಲ. ಆ ಕೂಗಿಗೆ ಗಿರಾಕಿಗಳೇನು, ಎದುರಂಗಡಿಯ ದರ್ಜಿಯೇನು, ಬೀದಿನಾಯಿ ಕೂಡ ಮುಖ ಆಚೆ ತಿರುಗಿಸುತ್ತದೆ. ಮನೆಯಲ್ಲಿ ಲೈಟು ಹಾಕುವಾಗಲೂ ಹೀಗೇ ಕೂಗುತ್ತಾನೆಂದು ಹೆಂಡತಿ ನಗುತ್ತಾಳೆ. ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಅವನ ಅಣ್ಣ ಕೂತಿರುತ್ತಾನೆ. ಕೆಲಸ ಕಲಿಸಿದವನು ಅವನೇ. ಬೆಸುಗೆಯ ಚರಚರ ಸದ್ದು ಕೇಳಿಯೇ, "ಎಡಗಡೆ ಸರಿಯಾಗಿ ಹಿಡೀಲಿಲ್ಲ ಕಣೋ" ಎನ್ನುತ್ತಾನೆ. ಬರಿಗಣ್ಣಿನಲ್ಲಿ ಬೆಸೆದೂ ಬೆಸೆದೂ ಅವನ ದೃಷ್ಟಿ ಪೂರ್ತಿ ಹೋಗಿ ಒಂಬತ್ತು ವರ್ಷವಾಯಿತು. ಆದರೂ ಊರಿಗೆಲ್ಲ ಕೂಗಿ ಮುಗಿಸಿದ ಮೇಲೆ ಮೇಸ್ತ್ರಿ ಅವನತ್ತ ತಿರುಗಿ, "ಅಣ್ಣಾ, ಕಣ್ಣು" ಎಂದು ಮೆಲ್ಲಗೆ ಹೇಳುತ್ತಾನೆ. ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ ಮೇಲೆಯೇ ಕಿಡಿ ಹಾರುತ್ತದೆ.