ಶ್ರೀಪತಿರಾಯರ ಸೇತುವೆ

ಮಿಂಚುಳ್ಳಿ ಹುಡುಕಲು ಹೊರಟ ಶ್ರೀಪತಿರಾಯರು ಮೊದಲು ಮಾಡುತ್ತಿದ್ದ ಕೆಲಸ ಕಣ್ಣು ಮುಚ್ಚುವುದು. ಸೇತುವೆಯ ಕಂಬಿಗೆ ಹೊಟ್ಟೆ ಒರಗಿಸಿ, ಕ್ಯಾಮೆರಾವನ್ನು ಕೂಸಿನಂತೆ ಎದೆಗೆ ಅವಚಿಕೊಂಡು, ನಿಂತಲ್ಲೇ ನಿದ್ದೆ ಹೋದವರ ಹಾಗೆ ನಿಲ್ಲುತ್ತಿದ್ದರು. ಹಾದುಹೋಗುವ ಜಪಾನಿ ಅಜ್ಜಿಯರು ಗಾಬರಿಯಾಗಿ, ಇವರಿಗೇನಾಯಿತೆಂದು ನನ್ನನ್ನು ಕೇಳುತ್ತಿದ್ದರು. ನಾನು "ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಾ ತಲೆಬಾಗುವಷ್ಟರಲ್ಲಿ ರಾಯರು ಕಣ್ಣು ತೆರೆದು, "ಕೂಗ್ತಾ ಇದೆ. ಕೆಳಗಡೆಯಿಂದ ಬರುತ್ತೆ, ಎಡದಂಡೆ," ಎನ್ನುತ್ತಿದ್ದರು. ಮರುಗಳಿಗೆಯಲ್ಲಿ ನೀರಿಗೆ ತಾಗಿತೋ ಎಂಬಂತೆ ನೀಲಿ ಗೆರೆಯೊಂದು ಎಡದಂಡೆಯಗುಂಟ ಹಾದುಹೋಗುತ್ತಿತ್ತು.

ಅವರು ಮೈಸೂರಿನವರು. ಕೋಬೆಯ ಹಳೆಯ ಮುತ್ತಿನ ಅಂಗಡಿಯೊಂದರಲ್ಲಿ ಮುತ್ತು ವಿಂಗಡಿಸುವ ಕೆಲಸಕ್ಕೆ ಸೇರಿ, ಅಲ್ಲೇ ತಲೆ ನರೆಸಿಕೊಂಡರು. ಹೆಂಡತಿ ತೀರಿಹೋದ ಮೇಲೆ ಒಬ್ಬರೇ ಇದ್ದರು. ನಾನು ಕಂಪನಿ ಕಳಿಸಿತೆಂದು ಬೆಂಗಳೂರಿನಿಂದ ಬಂದವಳು. ಕನ್ನಡಿಗರ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತಿದ್ದ ರಾಯರು ಒಬ್ಬಟ್ಟಿಗೆ ತುಪ್ಪ ಸಾಲದೆಂದು ಗೊಣಗುತ್ತಲೇ, "ಭಾನುವಾರ ಏನ್ ಮಾಡ್ತೀಯಮ್ಮ?" ಎಂದರು. ನಿದ್ದೆ ಎಂದೆ. "ಅದನ್ನ ಆಫೀಸಲ್ಲಿ ಮಾಡು. ಭಾನುವಾರ ನನ್ ಜೊತೆ ಹೊಳೆಗೆ ಬಾ."

ಹೋದೆ. ಆಮೇಲೆ ಬಿಡಲಾಗಲಿಲ್ಲ. "ಹಕ್ಕಿ ಹುಡುಕಬೇಡ, ಹಿಕ್ಕೆ ಹುಡುಕು. ಹಕ್ಕಿ ಹಾರಿಹೋಗುತ್ತೆ, ಹಿಕ್ಕೆ ಎಲ್ಲಿಗೆ ಹೋಗುತ್ತೆ?" ಎನ್ನುವುದು ಅವರ ಮೊದಲ ಪಾಠ. ಕಲ್ಲಿನ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಗೆರೆಗಳಿದ್ದರೆ ಅದು ಮಿಂಚುಳ್ಳಿ ದಿನವೂ ಕೂರುವ ಪೀಠ. ಕೆಳಗೆ ನೀರು ತೆಳ್ಳಗೆ, ನಿಧಾನವಾಗಿ ಹರಿಯಬೇಕು, ಸಣ್ಣ ಮೀನಿರಬೇಕು, ನಮ್ಮ ನೆರಳು ಅಲ್ಲಿ ಬೀಳಬಾರದು. ಊರ ಪಾರ್ಕಿನ ಕೊಳದ ಬಳಿ ನಿವೃತ್ತರು ಫಿರಂಗಿಯಂಥ ಲೆನ್ಸುಗಳನ್ನು ಸಾಲಾಗಿ ಹೂಡಿ, ಹಕ್ಕಿ ಬಂದು ಕೂರಲೆಂದು ನೀರಿನಲ್ಲಿ ಅಂದದ ಕೊಂಬೆಯೊಂದನ್ನು ನೆಟ್ಟಿರುತ್ತಿದ್ದರು. ರಾಯರಿಗೆ ಅದು ಸೇರದು. "ಅದು ಹೆಣ್ಣು ನೋಡೋ ಶಾಸ್ತ್ರ ಕಣಮ್ಮ. ಅಲಂಕಾರ ಮಾಡಿ ಕೂರಿಸಿರ್ತಾರೆ, ಎಲ್ಲರೂ ನೋಡ್ತಾರೆ, ಹುಡುಗಿ ಎಂಥವಳು ಅಂತ ಒಬ್ಬರಿಗೂ ಗೊತ್ತಾಗಲ್ಲ."

ಅವರಿಗೆ ಪ್ರಿಯವಾದ ಜಾಗ ನನಗೆ ಭಯದ ಜಾಗ. ಕೋಬೆಯ ಹೊಳೆಗಳು ಗಿಡ್ಡ. ಬೆನ್ನಿಗೆ ಬೆಟ್ಟ, ಎದುರಿಗೆ ಕಡಲು. ಊರಲ್ಲಿ ಬಿಸಿಲಿದ್ದರೂ ಬೆಟ್ಟದಲ್ಲಿ ಸುರಿದ ಮಳೆ ಕಾಂಕ್ರೀಟಿನ ಹೊಳೆಪಾತ್ರದಲ್ಲಿ ಒಮ್ಮೆಗೇ ಇಳಿದುಬಿಡುತ್ತದೆ. ಅದಕ್ಕೇ ದಡದುದ್ದಕ್ಕೂ ಎಚ್ಚರಿಕೆಯ ಫಲಕಗಳು, ಅಪಾಯ ಬಂದಾಗ ತಿರುಗುವ ದೀಪಗಳು, ಧ್ವನಿವರ್ಧಕದಲ್ಲಿ ಮೇಲೆ ಬನ್ನಿರೆಂದು ಕರೆಯುವ ಹೆಣ್ಣುದನಿ. ರಾಯರು ಕೂರುತ್ತಿದ್ದದ್ದು ಸೇತುವೆಯ ಕೆಳಗೆ, ನೀರಿನ ಅಂಚಿನಲ್ಲಿ. ಅಲ್ಲಿ ಗೋಡೆಯ ಹಳೆಯ ಕೊಳವೆಯೊಂದರಲ್ಲಿ ಮಿಂಚುಳ್ಳಿ ಜೋಡಿ ಗೂಡು ಮಾಡಿತ್ತು. ಅಲ್ಲಿಂದ ದೀಪವೂ ಕಾಣದು, ಬೆಟ್ಟವೂ ಕಾಣದು. "ಕಾಣೋದ್ಯಾಕೆ? ನೀರು ಬರೋ ಮುಂಚೆ ಹೊಳೆ ದನಿ ಬದಲಾಗುತ್ತೆ. ಕಿವಿ ಇದೆಯಲ್ಲ," ಎನ್ನುತ್ತಿದ್ದರು. ನಾನು ಮಾತ್ರ ಅಲ್ಲಿ ಕೂತಷ್ಟು ಹೊತ್ತೂ ಮೆಟ್ಟಿಲು ಎಷ್ಟು ದೂರವಿದೆಯೆಂದು ನೋಡುತ್ತಲೇ ಇರುತ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ ರಾಯರು ಕಣ್ಣು ಮುಚ್ಚುವುದನ್ನು ಬಿಟ್ಟರು. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವರು ನನ್ನೆದುರಿಗೆ ನಿಲ್ಲತೊಡಗಿದರು, ಹೊಳೆಗೆ ಬೆನ್ನು ಹಾಕಿ. ಕೂಗು ಕೇಳಿ ನಾನು ಕತ್ತು ಹೊರಳಿಸಿದರೆ ಅವರೂ ಆ ಕಡೆ ತಿರುಗಿ ಕ್ಯಾಮೆರಾ ಎತ್ತುತ್ತಿದ್ದರು. ಗುರುಗಳಷ್ಟೇ ಬೇಗ ನನಗೂ ಕೇಳಿಸುತ್ತಿದೆಯೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಮಳೆಗಾಲದ ಒಂದು ಭಾನುವಾರ ಊರಲ್ಲಿ ಚುರುಗುಟ್ಟುವ ಬಿಸಿಲು. ನಾವಿಬ್ಬರೂ ಸೇತುವೆಯ ಕೆಳಗಿದ್ದೆವು. ಧ್ವನಿವರ್ಧಕದ ದನಿ ಕೇಳಿಸಿತು. ರಾಯರು ಲೆನ್ಸು ಒರೆಸುತ್ತಾ ಮುಗುಳ್ನಗುತ್ತಿದ್ದರು.

"ಅಂಕಲ್, ಕರೀತಿದಾರೆ. ಮೇಲೆ ಹೋಗೋಣ."

"ಯಾರಮ್ಮ ಕರೀತಿರೋದು?"

ನಾನು ಎದ್ದು ನಿಂತೆ. ರಟ್ಟೆ ಹಿಡಿದು ಎಳೆದೆ. ನಾವು ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಕೆಂಪು ನೀರು ಮರದ ತುಂಡುಗಳನ್ನು ಉರುಳಿಸುತ್ತಾ ಬಂದು, ಅವರು ಕೂತಿದ್ದ ಸ್ಟೂಲನ್ನು ಹೊತ್ತುಕೊಂಡು ಹೋಯಿತು.

ರಸ್ತೆಬದಿಯ ಕೊಂಬಿನಿ ಅಂಗಡಿಯಿಂದ ಚಹಾ ತಂದು ಬೆಂಚಿನ ಮೇಲೆ ಕೂರಿಸಿದೆ. ಚಹಾ ಕುಡಿದು ಮುಗಿಸಿ ಬಾಯಿಬಿಟ್ಟರು. "ಹಕ್ಕಿ ಕೂಗು ಹೋಗಿ ಎಷ್ಟೋ ಕಾಲ ಆಯ್ತಮ್ಮ. ನಿನ್ನ ಕತ್ತು ನೋಡಿ ತಿರುಗ್ತಿದ್ದೆ. ಈಗ ಹೆಂಗಸರ ದನೀನೂ ಹೋಗ್ತಾ ಇದೆ." ಕಿವಿಗೆ ಹಾಕುವ ಯಂತ್ರ ತಂದಿದ್ದರಂತೆ. ಹಾಕಿಕೊಂಡರೆ ಹೊಳೆಯೆಲ್ಲ ಡಬ್ಬದಲ್ಲಿ ಕಲ್ಲು ಕುಲುಕಿದಂತೆ ಗಲಗಲ. ಅದಕ್ಕೇ ಹೊಳೆಗೆ ಬರುವಾಗ ತೆಗೆದಿಟ್ಟು ಬರುತ್ತಿದ್ದರು. ನನಗೆ ಸಿಟ್ಟು ಬಂತು. ಇನ್ನು ಕೆಳಗಿಳಿದರೆ ನಾನು ಬರುವುದೇ ಇಲ್ಲ ಎಂದು ಗದರಿದೆ. "ಆಯ್ತಮ್ಮ, ಇಳಿಯಲ್ಲ," ಎಂದರು.

ಮುಂದಿನ ವಸಂತದಲ್ಲಿ ನನಗೆ ದೂರದ ಶಿನಾಗಾವಾದ ಆಫೀಸಿಗೆ ವರ್ಗವಾಯಿತು. ಹೊರಡುವ ಮುಂಚಿನ ಭಾನುವಾರ ಅದೇ ಸೇತುವೆಯ ಮೇಲೆ ಸೇರಿದೆವು. ರಾಯರು ಎಂದಿನಂತೆ ನನ್ನೆದುರು ನಿಂತರು. ಅಷ್ಟರಲ್ಲಿ ನಮ್ಮ ಕಾಲಡಿಯಿಂದಲೇ ಕೂಗು ಬಂತು, ಚೀ ಎಂದು, ಸೂಜಿಯಷ್ಟು ಸಣ್ಣಗೆ. ಹಕ್ಕಿಗಳು ಗೂಡಿಗೆ ಮರಳಿದ್ದವು. ನಾನು ಉಸಿರು ಬಿಗಿಹಿಡಿದೆ, ಕದಲಲಿಲ್ಲ. ಮತ್ತೆ ಕೂಗಿತು. ಅವರ ಕಣ್ಣನ್ನೇ ನೋಡುತ್ತಾ ನಿಂತೆ.

"ಇಲ್ವೇನಮ್ಮ?"

"ಇಲ್ಲ ಅಂಕಲ್. ಗೂಡು ಬಿಟ್ಟಿರಬೇಕು. ಇನ್ನು ಕೆಳಗಡೆ ಇಳಿಯೋದೇ ಬೇಡ."

ಅವರು ಲೆನ್ಸಿಗೆ ಮುಚ್ಚಳ ಹಾಕಿದರು. "ಸುಮ್ಮನೆ ನಿಂತವರು ಉಸಿರಾಡ್ತಾರೆ ಕಣಮ್ಮ," ಎಂದಷ್ಟೇ ಹೇಳಿ ಬೆನ್ನು ತಟ್ಟಿದರು. ನನಗೆ ಅಳು ಬಂತು. ಅವರನ್ನು ನೋಡಿದ್ದು ಅದೇ ಕೊನೆ.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಫೋನಿಗೆ ಅವರಿಂದ ಚಿತ್ರವೊಂದು ಬಂತು. ಕೊಳವೆಯ ಬಾಯಲ್ಲಿ ಮಿಂಚುಳ್ಳಿ, ಕೊಕ್ಕಿನಲ್ಲಿ ಮೀನು. ಅಷ್ಟು ಒಳ್ಳೆಯ ಚಿತ್ರವನ್ನು ಅವರು ಎಂದೂ ತೆಗೆದಿರಲಿಲ್ಲ. ಸೇತುವೆಯ ಕೆಳಗೆ ಇಳಿಯದೆ ಅದು ಸಿಗುವಂಥದ್ದಲ್ಲ. ಕೆಳಗಿನ ನೀರು ಹಾಲು ಬೆರೆಸಿದ ಚಹಾದ ಬಣ್ಣದಲ್ಲಿತ್ತು. ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಮತ್ತೆ ಮಾಡಿದೆ, ಮತ್ತೆ ಮತ್ತೆ ಮಾಡಿದೆ. ಕೊನೆಗೆ ರಿಂಗ್ ಆಗುವುದೂ ನಿಂತಿತು.

ಏನು ಮಾಡಲೂ ತೋಚದೆ ಅವರ ಅಂಗಡಿಯ ನಂಬರು ಹುಡುಕಿದೆ. ಮೊರಿ ಸಾನ್ ಎಂಬುವರು ಫೋನೆತ್ತಿದರು. ಶ್ರೀಪತಿ ಸಾನ್ ಇನ್ನೂ ಕೆಲಸಕ್ಕೆ ಬಂದಿಲ್ಲ, ಒಂದು ದಿನವೂ ತಡವಾಗಿ ಬಂದವರಲ್ಲ, ಬೆಳಿಗ್ಗೆಯಿಂದ ಬೆಟ್ಟದ ಕಡೆ ಜೋರು ಮಳೆ, ರೈಲು ನಿಂತಿರಬಹುದು ಎಂದು ಸಮಾಧಾನದ ದನಿಯಲ್ಲೇ ಹೇಳಿದರು. ಆಮೇಲೆ, ಅವರು ಎಲ್ಲಿರಬಹುದೆಂದು ನಿಮಗೇನಾದರೂ ಗೊತ್ತೇ ಎಂದು ಕೇಳಿದರು.

ಯಾವ ಹೊಳೆ, ಯಾವ ಸೇತುವೆ ಎಂದು ಹೇಳಿದೆ.