ಹಾರವಾಡದ ಗೋಡೆಯಲ್ಲಿ ಬಿಟ್ಟ ದಾರಿ

ಕಾರವಾರದ ಶಿರವಾಡದಲ್ಲಿ ಬಾಡಿಗೆ ಮನೆ ಹಿಡಿದ ಮರುದಿನ ಬಾಗಿಲಲ್ಲಿ ಒಬ್ಬಾಕೆ ಕೂಗಿದಳು: “ನುಸ್ತೆ ಬೇಕಾ ಬಾಯೀ?” ನನ್ನ ಕಲಬುರಗಿಯ ಕಿವಿಗೆ ಅದು ‘ನುಚ್ಚು’ ಎಂದು ಕೇಳಿಸಿತು. ಜೋಳದ ನುಚ್ಚು ಇಲ್ಲೂ ಸಿಗುತ್ತದಲ್ಲ ಎಂದು ಖುಷಿಯಿಂದ ಪಾತ್ರೆ ಒಡ್ಡಿದರೆ ಅದರೊಳಗೆ ಬಂಗಡೆ ಮೀನು ಬಿದ್ದವು. ಕೊಂಕಣಿಯಲ್ಲಿ ನುಸ್ತೆ ಎಂದರೆ ಮೀನಂತೆ, ಬಾಯಿ ಎಂದರೆ ಅಮ್ಮ. ಹುಟ್ಟಿದಾಗಿನಿಂದ ಮೀನು ಮುಟ್ಟದ ನಾನು ಪಾತ್ರೆ ಹಿಡಿದು ಹಾಗೇ ನಿಂತೆ.

ಈ ವಯಸ್ಸಿನಲ್ಲಿ ಅಲ್ಲಿಗೇಕೆ ಹೋದಿರಿ ಎಂದು ನಮ್ಮ ಕಡೆಯವರು ಕೇಳುತ್ತಾರೆ. ಭೀಮೆಗೆ ಸೇತುವೆ ಕಟ್ಟುವ ಎಂಜಿನಿಯರಾಗಿ ಶುರುಮಾಡಿದವಳು. ಆಮೇಲೆ ಪಾಠ ಹೇಳಿದೆ, ಕೊನೆಗೆ ವಿಶ್ವವಿದ್ಯಾಲಯವೊಂದರ ಕುಲಪತಿಯಾದೆ. ನಿವೃತ್ತಿಯ ನಂತರ ಸರಕಾರ ಕಡಲ್ಕೊರೆತ ತಡೆಯುವ ಸಮಿತಿಗೆ ಅಧ್ಯಕ್ಷೆಯಾಗಿ ಕಳಿಸಿತು. ನಮ್ಮಲ್ಲಿ ನೀರು ಬರಲಿ ಎಂದು ಬೇಡುತ್ತೇವೆ. ಇಲ್ಲಿ ಬಾರದಿರಲಿ ಎಂದು ಬೇಡುತ್ತಾರೆ. ನನಗೆ ಅಷ್ಟೇ ಗೊತ್ತಿದ್ದದ್ದು.

ಅಂಕೋಲೆಯ ಹಾರವಾಡದಲ್ಲಿ ಮೊದಲ ಸಭೆ. ದಂಡೆಯ ಮೇಲೇ ಮನೆಯಿದ್ದ ನಾಗವೇಣಿ ಎದ್ದುನಿಂತಳು. “ಮಳೆಗಾಲದಲ್ಲಿ ಸಮುದ್ರ ಅಡುಗೆಮನೆಗೇ ಬತ್ತದೆ ಬಾಯಿ. ಕಲ್ಲಿನ ಗೋಡೆ ಆಗ್ಲೇಬೇಕು.”

ಅವಳ ಮೈದುನ ಗಣಪತಿ ದೋಣಿಯವನು. “ಗೋಡೆ ಕಟ್ಟಿದ್ರೆ ದೋಣಿ ಎಲ್ಲಿ ಎಳೆಯೂದು ಅತ್ತಿಗೆ? ನಿನ್ನ ತಲೆ ಮೇಲಾ?”

ಜನ ನಕ್ಕರು. ಅವಳು ನಗಲಿಲ್ಲ. “ನೀವೇ ಹೇಳಿ ಬಾಯಿ, ಯಾರದು ಖರೆ?”

ಇಬ್ಬರದೂ ಖರೆ. ಕುಲಪತಿಯಾಗಿದ್ದಾಗ ಜಗಳವಾಡಿದವರಿಗೆ ಚಹಾ ಕುಡಿಸಿ ವಿಷಯವನ್ನು ಮುಂದಿನ ಸಭೆಗೆ ದೂಡುತ್ತಿದ್ದೆ. ಇಲ್ಲಿ ಮುಂದಿನ ಸಭೆಯೊಳಗೆ ಮಳೆಗಾಲವೇ ಬಂದುಬಿಡುತ್ತದೆ. ವಾರಗಟ್ಟಲೆ ದಂಡೆ ಅಲೆದೆ. ಎಂಜಿನಿಯರಿಗೆ ಸರಿ ಕಂಡದ್ದು ಊರಿಗೆ ಸರಿಯೋ ಎಂದು ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ಕೊನೆಗೆ ಗೋಡೆ ಕಟ್ಟಿ, ದೋಣಿ ಎಳೆಯಲು ನಡುವೆ ಅಗಲವಾದ ದಾರಿ ಬಿಡುವುದೆಂದು ತೀರ್ಮಾನಿಸಿದೆ. ದೋಣಿಗೆ ತಾಗುವ ಬಂಡೆ ನೀರಡಿ ಇಲ್ಲದ ಜಾಗ ಅಲ್ಲಿ ಒಂದೇ ಇತ್ತು, ನಾಗವೇಣಿಯ ಮನೆಯೆದುರು. ಅವಳಿಗೆ ಹೆದ್ದಾರಿಯಾಚೆ ಸರಕಾರದಿಂದ ಬೇರೆ ಮನೆ ಕೊಡಿಸುವುದೆಂದಾಯಿತು.

ಹೇಳಲು ನಾನೇ ಹೋದೆ. ಮೀನು ತಿನ್ನದವಳೆಂದು ನನಗಾಗಿ ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ ಇಟ್ಟಿದ್ದಳು. ಉಂಡು ಮುಗಿಸಿ ವಿಷಯ ಹೇಳಿದೆ.

“ಗೋಡೆ ಕೇಳ್ದವ್ಳು ನಾನು. ಎಲ್ರ ಮನೆ ಮುಂದೂ ಬತ್ತದೆ. ನನ್ನ ಮನೆ ಮುಂದೊಂದು ಇಲ್ಲ, ಅಲ್ರಾ?”

“ಹೌದು” ಎಂದೆ.

ಗೋಡೆ ಎದ್ದಿತು. ಸಾಮಾನು ಸಾಗಿಸುವ ದಿನ ಗಣಪತಿಯೇ ಅತ್ತಿಗೆಯ ಪೆಟ್ಟಿಗೆ ಹೊತ್ತ. ಆದರೆ ಹಳೆಯ ಮನೆಯನ್ನು ಕೆಡವಲು ಅವಳು ಯಾರಿಗೂ ಬಿಡಲಿಲ್ಲ; ದಿನಾ ಹೋಗಿ ಅಂಗಳ ಗುಡಿಸಿ ಬರುತ್ತಾಳೆ.

ಮೊನ್ನೆ ಮದುವೆಗೆಂದು ಕಲಬುರಗಿಗೆ ಹೋಗಿದ್ದೆ. ತಂಗಿ ಬಿಸಿ ರೊಟ್ಟಿ ಬಡಿಸುತ್ತ, “ಸಾಕು ಬಿಡಕ್ಕಾ, ಇನ್ನ ಇಲ್ಲೇ ಇರು. ನಿನ್ನ ಮನಿ ಇಲ್ಲಿ ಅದಲ್ಲ?” ಎಂದಳು. ಹೂಂ ಎಂದೆ. ಅಷ್ಟರಲ್ಲಿ ಟಿವಿಯಲ್ಲಿ ಕರಾವಳಿಗೆ ಚಂಡಮಾರುತವೆಂದರು. ರೊಟ್ಟಿ ಬಿಟ್ಟೆದ್ದು ನಾಗವೇಣಿಗೆ ಫೋನು ಮಾಡಿದೆ.

“ಮನೆಗೆ ನೀರು ಬಂತೇನು?”

“ಯಾವ ಮನೆ ಕೇಳೂದು ಬಾಯಿ?” ಎಂದಳು ಅವಳು.

ಫೋನಿನ ಆಚೆಯಿಂದ ಗಾಳಿಯ ಸದ್ದು ಬರುತ್ತಿತ್ತು. ತಂಗಿ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದಳು.