ಎಡಗಡೆಗೆ ಹತ್ತಿ ಇಟ್ಟ ರವಿಕೆ

ಚಳ್ಳಕೆರೆಯ ಅರ್ಧ ಹೆಂಗಸರ ಎದೆಯ ಅಳತೆ ನನಗೆ ಬಾಯಿಪಾಠ. ಮೂವತ್ತು ವರ್ಷಗಳಿಂದ ನಮ್ಮ ಮನೆಯ ಪಡಸಾಲೆಯಲ್ಲೇ ಮೆಷಿನ್ನು ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದೇನೆ. ಯಾರು ದಪ್ಪಗಾದರು, ಯಾರು ಸೊರಗಿದರು, ಯಾರು ಬಸಿರಾಗಿದ್ದರೂ ಅತ್ತೆಗೆ ಇನ್ನೂ ಹೇಳಿಲ್ಲ, ಎಲ್ಲವನ್ನೂ ಟೇಪು ಮೊದಲು ನನಗೆ ಹೇಳುತ್ತದೆ. ಇಂಥ ಜಾಣೆ ನಾನು, ನನ್ನ ಬಲಗಡೆ ಗಂಟು ಬಂದಾಗ ರವಿಕೆ ಒತ್ತುತ್ತಿದೆಯೆಂದು ತಿಳಿದು ಮೂರು ತಿಂಗಳು ಬದಿಯ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಾ ಕೂತಿದ್ದೆ.

ದಾವಣಗೆರೆಯ ಡಾಕ್ಟರು ಮೊದಲು ಕೀಮೋ, ಆಮೇಲೆ ಆಪರೇಷನ್ ಎಂದರು. ಏನೇನು ಆಗಬಹುದೆಂದು ಬರೆದಿದ್ದ ಒಂದು ಕಾಗದವನ್ನೂ ಕೊಟ್ಟರು. ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ವಾಪಸು ಬರುವ ಬಸ್ಸಿನಲ್ಲೇ ಅದನ್ನು ಪಂಚಾಂಗ ಓದುವ ಹಾಗೆ ಗಟ್ಟಿಯಾಗಿ ಓದಿದರು. ವಾಂತಿ, ಸುಸ್ತು, ಬಾಯಿಹುಣ್ಣು, ಕೂದಲು ಉದುರುವುದು. ಮುಂದಿನ ಸೀಟಿನವನು ತಿರುಗಿ ತಿರುಗಿ ನೋಡಿದ. ಎಲ್ಲದಕ್ಕೂ ನಾನು ಹೂಂಗುಟ್ಟಿದೆ. ಕೊನೆಯ ಸಾಲಿನಲ್ಲಿ ‘ಬೆರಳ ತುದಿಗಳು ಜೋಮು ಹಿಡಿಯಬಹುದು’ ಎಂದಿತ್ತು. ಕಾಗದ ಕಿತ್ತುಕೊಂಡು ಆ ಸಾಲನ್ನು ನಾನೇ ಇನ್ನೊಂದು ಸಲ ಓದಿದೆ. ಕೂದಲು ಹೋದರೆ ತಲೆಗೆ ಸೆರಗಿದೆ. ಬೆರಳು ಹೋದರೆ ನಾನು ಮೆಷಿನ್ನಿನ ಮುಂದೆ ಕೂತು ಮಾಡುವುದೇನು?

ಹಾಗಾಗಿ ಕೀಮೋಗೆ ಕೊಟ್ಟಿದ್ದ ಮೊದಲ ತಾರೀಕಿಗೆ ನಾನು ಹೋಗಲೇ ಇಲ್ಲ. ಮದುವೆ ಸೀಸನ್ನು, ಬ್ಲೌಸು ಬಾಕಿ ಇವೆ ಎಂದೆ.

“ತಡ ಮಾಡ್ಬ್ಯಾಡ್ರಿ ಅಂದವ್ರೆ ಡಾಕ್ಟ್ರು” ಎಂದರು ಯಜಮಾನರು.

“ಹಂಗಾದ್ರೆ ನೀವೇ ಹೊಲ್ಕೊಡ್ರಿ ಮದ್ವಿ ಮನೇರಿಗೆ.”

ಅವರು ಮೆಷಿನ್ನಿನ ಕಡೆ ಒಂದು ಸಲ ನೋಡಿ, ಚಪ್ಪಲಿ ಮೆಟ್ಟಿ ಮಿಲ್ಲಿಗೆ ಹೊರಟುಹೋದರು. ಮುಂದಿನ ತಾರೀಕು ಗುರುವಾರವಿತ್ತು. ಅದಕ್ಕೂ ಒಂದು ನೆಪ ಹುಡುಕಿಟ್ಟುಕೊಂಡಿದ್ದೆ.

ಆ ವಾರದ ಸೋಮವಾರ ಮಧ್ಯಾಹ್ನ, ಬಿಸಿಲು ನೆತ್ತಿ ಸುಡುತ್ತಿದ್ದಾಗ, ಗುರುತಿಲ್ಲದ ಹೆಂಗಸೊಬ್ಬಳು ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ತಲೆತುಂಬ ಸೆರಗು. ಮೊಳಕಾಲ್ಮೂರಿನವಳಂತೆ, ಮನೆಯಲ್ಲಿ ಮಗ್ಗವಿದೆಯಂತೆ, ಸೀರೆ ನೇಯುತ್ತಾಳಂತೆ. ಹಳೆಯ ರವಿಕೆಯೊಂದನ್ನು ಮುಂದಿಟ್ಟು, “ಇದ್ರ ಹಂಗೇ ಹೊಲೀಬೇಕು. ಎಡಗಡೆ ಮಾತ್ರ ಒಳಗೊಂದು ಜೇಬಿನಂಗೆ ಇಡು” ಎಂದಳು.

“ಮೊಳಕಾಲ್ಮೂರಾಗೆ ಟೈಲರ್ ಇಲ್ವೇನಮ್ಮ?”

“ಅವ್ರೆ.”

“ಮತ್ತೆ ಇಲ್ಲೀಗಂಟ ಯಾಕೆ ಬಂದ್ರಿ? ನಿಂತ್ಕೊಳ್ರಿ, ಅಳತೆ ತಗೀಬೇಕು.”

“ಅಳತೆ ಬ್ಯಾಡ. ಈ ರವಿಕೆ ಐತಲ್ಲ.”

ನನಗೆ ರೇಗಿತು. “ಅಳತೆ ಇಲ್ದೆ ಹೊಲಿಯೋಕೆ ನಾನೇನು ಗೋಣಿಚೀಲ ಹೊಲೀತೀನಾ?”

ಅವಳು ಕಣ್ಣು ಮುಚ್ಚಿಕೊಂಡು, ಇಂಜೆಕ್ಷನ್ನಿಗೆ ನಿಂತ ಮಗುವಿನಂತೆ ನಿಂತಳು. ಟೇಪು ಸುತ್ತಿ ಎಳೆದೆ. ಎಡಗಡೆ ಟೇಪು ಹಾಗೇ ಒಳಗೆ ಹೋಯಿತು. ಮರುಕ್ಷಣ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಹತ್ತಿಯ ಉಂಡೆಯೊಂದು ನನ್ನ ಕಾಲ ಬಳಿ ಬಿತ್ತು.

ಇಬ್ಬರೂ ಅದನ್ನೇ ನೋಡಿದೆವು. ಅವಳ ತಲೆಯ ಬಗ್ಗೆ ನಾನು ಏನೂ ಕೇಳಿರಲಿಲ್ಲ. ಆದರೂ ಅವಳೇ, “ತಿರುಪತಿಗೆ ಹೋಗಿದ್ದೆ. ತಿಮ್ಮಪ್ಪಂಗೆ ಮುಡಿ ಕೊಟ್ಟೆ” ಎಂದು ಗಾಬರಿಯಿಂದ ಮುಖದ ಬೆವರು ಒರೆಸಿಕೊಂಡಳು. ಬಲಗಡೆಯ ಹುಬ್ಬು ಪೂರ್ತಿಯಾಗಿ ಸೆರಗಿಗೆ ಬಂತು. ಕಾಡಿಗೆಯಲ್ಲಿ ಬರೆದುಕೊಂಡಿದ್ದಳು.

ನನ್ನ ಬಾಯಿಗೆ ಬೀಗ ಇಲ್ಲ. “ಹುಬ್ಬೂ ಕೊಟ್ರೇನು ತಿಮ್ಮಪ್ಪಂಗೆ?” ಎಂದುಬಿಟ್ಟೆ.

ಅವಳ ಮುಖ ಸಣ್ಣದಾಯಿತು. ಹತ್ತಿಯ ಉಂಡೆಯನ್ನು ಎತ್ತಿಕೊಂಡು ಚೀಲಕ್ಕೆ ತುರುಕಿ ಬಾಗಿಲ ಕಡೆ ಹೊರಟಳು. ನನಗೆ ನನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳಬೇಕೆನಿಸಿತು. ತಡೆಯಲು ಬೇರೇನೂ ಹೊಳೆಯದೆ, ಯಜಮಾನರನ್ನು ಬಿಟ್ಟು ಲೋಕದಲ್ಲಿ ಯಾರಿಗೂ ಹೇಳದಿದ್ದ ಮಾತನ್ನು ಅವಳ ಬೆನ್ನಿಗೆ ಹೇಳಿದೆ.

“ನಂಗೂ ಐತೆ.”

ಅವಳು ಒಂದೇ ಹುಬ್ಬಿನ ಮುಖ ತಿರುಗಿಸಿದಳು. “ಯಾವ ಕಡೀಗೆ?”

“ಬಲಕ್ಕೆ.”

“ನಂದು ಎಡಕ್ಕಿತ್ತು” ಎಂದು ಸ್ವಲ್ಪ ಯೋಚಿಸಿದಳು. “ಇಬ್ರೂ ಸೇರಿದ್ರೆ ಒಂದು ಸರಿಯಾದ ಬ್ಲೌಸ್ ಆಗ್ತೈತೆ ಬಿಡು.”

ನಾನು ನಕ್ಕೆ. ಎರಡು ತಿಂಗಳಿಂದ ನಕ್ಕಿರಲಿಲ್ಲ. ನಗುತ್ತಾ ನಗುತ್ತಾ ಅಳು ಬಂತು. ಅವಳು ಸಮಾಧಾನ ಮಾಡಲು ಬರಲಿಲ್ಲ. ಮೂಲೆಯ ಮಡಕೆಯಿಂದ ನೀರು ಬಗ್ಗಿಸಿ ತಾನು ಮೊದಲು ಕುಡಿದು ಆಮೇಲೆ ನನಗೆ ಕೊಟ್ಟಳು.

ಅವಳಿಗೆ ಆಪರೇಷನ್ನಾಗಿ, ಆರು ಸಲ ಕೀಮೋ ಮುಗಿದು ಎರಡು ತಿಂಗಳಾಗಿತ್ತು. ಊರಿನಲ್ಲಿ ಗಂಡನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವಳಿಗೆ ರೇಷ್ಮೆ ನೂಲು ಕೊಟ್ಟು ನೇಯಿಸಿಕೊಳ್ಳುವ ಸಾವ್ಕಾರರಿಗೆ ತಿಳಿದರೆ, ಇವಳ ಕೈಲಾಗಲ್ಲ ಎಂದು ನೂಲನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆಂಬ ಭಯ.

“ವಾಂತಿಗೆ ಗುಳಿಗಿ ಕೊಡ್ತಾರೆ, ಮೊದ್ಲೇ ನುಂಗು. ಜಂಬ ಮಾಡ್ಬ್ಯಾಡ” ಎಂದು ಶುರು ಮಾಡಿದಳು. “ಜ್ವರ ಬಂದ್ರೆ ಮಾತ್ರ ಮನ್ಯಾಗೆ ಕಷಾಯ ಕುಡ್ಕೊಂಡು ಕೂರ್ಬ್ಯಾಡ, ಸೀದಾ ಆಸ್ಪತ್ರೆಗೆ ಓಡು. ನೆಂಟ್ರು ಬಂದು ಅಳೋಕೆ ಶುರು ಮಾಡಿದ್ರೆ ನಿದ್ದೆ ಬಂದಂಗೆ ಮಾಡು.”

“ಬೆರಳು?” ಎಂದೆ. ಅಷ್ಟು ಹೊತ್ತೂ ಅದೊಂದನ್ನೇ ಕೇಳಬೇಕಿತ್ತು.

ಅವಳು ಪಿನ್ನಿನ ಡಬ್ಬಿಯಿಂದ ಸೂಜಿಯೊಂದನ್ನು ತೆಗೆದು, ದಾರ ಕಿತ್ತುಕೊಂಡು, ಬೆಳಕಿಗೆ ಹಿಡಿದು ಪೋಣಿಸಲು ಕೂತಳು. ಒಂದು ಸಲ, ಎರಡು ಸಲ, ಮೂರು ಸಲ. ಸೂಜಿ ಕೆಳಗೆ ಬಿತ್ತು. ತೆಲುಗಿನಲ್ಲಿ ಸೂಜಿಯ ವಂಶವನ್ನೆಲ್ಲ ಬೈದು ಮತ್ತೆ ಎತ್ತಿಕೊಂಡಳು. ನಾನು ಎಣಿಸುತ್ತಿದ್ದೆ. ಏಳನೇ ಸಲಕ್ಕೆ ದಾರ ಒಳಗೆ ಹೋಯಿತು.

“ನಾಕನೇ ಕೀಮೋಕ್ಕೆ ಜೋಮು ಹಿಡೀತು” ಎಂದಳು. “ಲೋಟ ಹಿಡಿದ್ರೆ ಜಾರೋದು. ಎಳೆ ಕಿತ್ರೆ ನನ್ ಗಂಡನೇ ಗಂಟು ಹಾಕ್ಬೇಕು. ಅವ್ನು ಹಾಕಿದ ಗಂಟಿಗೆ ಎಮ್ಮಿ ಕಟ್ಬೋದಿತ್ತು. ಡಾಕ್ಟ್ರಿಗೆ ಹೇಳ್ದೆ, ಔಷಧಿ ಕಮ್ಮಿ ಮಾಡಿದ್ರು. ಈಗ ಬರ್ತಾ ಐತೆ. ಪೂರ್ತಿ ಬಂದಿಲ್ಲ, ಸುಳ್ಳು ಯಾಕೆ ಹೇಳ್ಲಿ. ನೀನು ಟೈಲರು ಅಂತ ಮೊದ್ಲ ದಿನಾನೇ ಅವ್ರಿಗೆ ಹೇಳು.”

ಏನೂ ಆಗಲ್ಲ ಎಂದ ಯಜಮಾನರ ಮಾತು ನನಗೆ ಸಮಾಧಾನ ಕೊಟ್ಟಿರಲಿಲ್ಲ. ಆಗುತ್ತದೆ ಎಂದ ಇವಳ ಮಾತನ್ನು ನಂಬಿದೆ. ಗುರುವಾರ ದಾವಣಗೆರೆಗೆ ಹೋಗಬೇಕೆಂದು ಅವಳಿಗೆ ಹೇಳಿದೆ. ಆದರೂ ನೆಪ ನನ್ನಲ್ಲಿ ಇನ್ನೂ ಹಾಗೇ ಇತ್ತು. ಅದು ಅವಳಿಗೆ ಹೇಗೆ ವಾಸನೆ ಬಡಿಯಿತೋ, ಹೊರಡುವಾಗ, “ಗುರುವಾರ ನಂಗೂ ತೋರ್ಸೋದೈತೆ, ಬಸ್‌ಸ್ಟ್ಯಾಂಡಾಗೆ ಸಿಗ್ತೀನಿ” ಎಂದಳು. ತೋರಿಸುವುದೇನೂ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಗುರುವಾರ ಆಸ್ಪತ್ರೆಯಲ್ಲಿ ರೋಗಿಯ ಜೊತೆಗೆ ಒಬ್ಬರೇ ಇರಬೇಕೆಂದರು. ಯಜಮಾನರಿಗೂ ಅವಳಿಗೂ ಸಣ್ಣ ಜಟಾಪಟಿಯೇ ಆಯಿತು. “ನಾನು ಗಂಡ” ಎಂದರು ಇವರು. “ನಿಮ್ಗೆ ಏನ್ ಗೊತ್ತೈತೆ?” ಎಂದಳು ಅವಳು. ಇವರು ಬುತ್ತಿ ಕ್ಯಾರಿಯರ್ ಹಿಡಿದು ಗಾಜಿನ ಬಾಗಿಲಾಚೆ ನಿಂತು ಇಣುಕತೊಡಗಿದರು.

ಒಳಗೆ ಎದುರಿನ ಬೆಂಚಿನಲ್ಲಿ ಭರ್ಜರಿ ರೇಷ್ಮೆ ಸೀರೆಯ ಹೆಂಗಸೊಬ್ಬಳು ಗಲ್ಲದವರೆಗೆ ಸೆರಗೆಳೆದುಕೊಂಡು ಒಬ್ಬಳೇ ಕೂತಿದ್ದಳು. ನಮ್ಮವಳು ಅದನ್ನು ಕಂಡದ್ದೇ ತಾನೂ ಮೂಗಿನ ತನಕ ಸೆರಗೆಳೆದುಕೊಂಡಳು.

“ನಮ್ ಸಾವ್ಕಾರ್ರ ಹೆಂಡ್ತಿ” ಎಂದು ನನ್ನ ಕಿವಿಯಲ್ಲಿ ಉಸುರಿದಳು.

“ಮುಖಾನೇ ಕಾಣ್ತಿಲ್ಲ, ಹೆಂಗೆ ಗೊತ್ತು?”

“ಸೀರೆ ನಾನೇ ನೇಯ್ದಿದ್ದು. ಯಾರನ್ನೋ ನೋಡೋಕೆ ಬಂದಿರ್ಬೇಕು. ನನ್ ಕಡೆ ತಿರುಗಿ ಮಾತಾಡ್ಬ್ಯಾಡ.”

ಆಗ ಸಿಸ್ಟರು ಟ್ರೇ ತಂದರು. ಅದರಲ್ಲಿ ಕೆಂಪಗೆ ಶರಬತ್ತಿನಂಥ ಔಷಧಿ. ನಾನು ಕುರ್ಚಿ ಬಿಟ್ಟು ಎದ್ದೆ. ನನ್ನ ಹತ್ತು ಬೆರಳನ್ನೂ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಿದ್ದೆ.

“ನಾ ಒಲ್ಲೆ. ಬ್ಲೌಸು ಬಾಕಿ ಅವೆ. ಮುಂದಿನ ವಾರ ಬರ್ತೀನಿ.”

ಸೆರಗಿನೊಳಗಿಂದ ಮೊಳಕಾಲ್ಮೂರಿನವಳು ಏನೋ ಗೊಣಗಿದಳು. ಕೇಳಿಸಲಿಲ್ಲ. ನಾನು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೆ. ಅವಳು ಸೆರಗನ್ನು ಹೆಗಲಿಗೆ ಎಳೆದು ಹಾಕಿದಳು. ತಲೆಯಲ್ಲಿ ಎಳ್ಳು ಚೆಲ್ಲಿದಷ್ಟು ಕೂದಲು. ಮಗ್ಗದ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲಿನಲ್ಲಿ, ಇಡೀ ಹಾಲಿಗೆ ಕೇಳುವಂತೆ ಹೇಳಿದಳು:

“ಆರು ಸಲ ಹಾಕಿಸ್ಕೊಂಡೀನಿ. ಎಡಗಡೇದು ತೆಗ್ಸೀನಿ. ಸತ್ತಿಲ್ಲ. ಇವತ್ತಿಗೂ ನೇಯ್ತೀನಿ. ಬಂದು ಕೂತ್ಕೋ.”

ನನ್ನಿಂದ ಇವಳ ನೂಲು ಹೋಯಿತಲ್ಲಪ್ಪ ಎಂದುಕೊಂಡೆ. ಎದುರಿನ ಬೆಂಚಿನ ಸೆರಗೂ ನಿಧಾನಕ್ಕೆ ಕೆಳಗಿಳಿಯಿತು. ಅತ್ತು ಅತ್ತು ಊದಿದ ಮುಖ. ಸಾವ್ಕಾರರ ಹೆಂಡತಿ ನೂಲಿನ ಮಾತೇ ಎತ್ತಲಿಲ್ಲ.

“ನಂಗೂ ಇವತ್ತೇ ಮೊದ್ಲು” ಎಂದಳು. “ಮನ್ಯಾಗೆ ಮದ್ವೆಗೆ ಹೋಗ್ತೀನಿ ಅಂತ ಹೇಳಿ ಬಂದೀನಿ. ಅದ್ಕೇ ಈ ಸೀರೆ. ಇವ್ರು ಎದ್ದಿದ್ದು ನೋಡಿ ನನ್ ಧೈರ್ಯಾನೂ ಹೋಯ್ತು.”

ಅವಳೂ ಎದ್ದು ನಿಂತಿದ್ದಳು. ಬ್ಯಾಗು ಆಗಲೇ ಕಂಕುಳು ಸೇರಿತ್ತು. ನಾನು ಹೊರಟರೆ ಹಿಂದೆಯೇ ಹೊರಡುವುದು ಖಂಡಿತ. ನನಗೆ ಕೆಟ್ಟ ಸಿಟ್ಟು ಬಂತು. ನೆಮ್ಮದಿಯಾಗಿ ಹೆದರಿಕೊಳ್ಳೋಣವೆಂದರೆ ಅದಕ್ಕೂ ಬಿಡುವುದಿಲ್ಲವಲ್ಲ ಈ ಜನ.

ವಾಪಸು ಹೋಗಿ ಕುರ್ಚಿಯಲ್ಲಿ ಕೂತೆ. ಪಕ್ಕದ ಕುರ್ಚಿ ತೋರಿಸಿ, “ಬ್ಯಾಗು ಕೆಳಗಿಟ್ಟು ಇಲ್ಲಿ ಕೂತ್ಕೊಳ್ರಿ” ಎಂದೆ. ಅವಳು ಕೂತಳು. ನಾನು ಸಿಸ್ಟರಿಗೆ ಎಡಗೈ ಚಾಚಿದೆ.

“ಮೊದ್ಲು ನಂಗೆ ಹಾಕ್ರಿ” ಎಂದೆ. “ಇವ್ರು ನೋಡ್ಲಿ.”